ಅತಿಥಿಗೊಂದು ವೈಫೈ, ಆಫೀಸಿಗೊಂದು: ಕರಾವಳಿಯ ಹೋಂಸ್ಟೇಗೆ ಯಾವ ಡಬ್ಬಿ?

ಗೋಕರ್ಣದ ಹೋಂಸ್ಟೇ ಇರಲಿ, ಮುರುಡೇಶ್ವರದ ಲಾಡ್ಜ್ ಇರಲಿ, ರಿಸೆಪ್ಷನ್ ಕಂಪ್ಯೂಟರಿನಲ್ಲಿ ಸಾಮಾನ್ಯವಾಗಿ ಇರುವುದು ಬುಕಿಂಗ್ ಲೆಕ್ಕ, ಟ್ಯಾಲಿ, ಸರಕಾರಕ್ಕೆ ವಿವರ ಸಲ್ಲಿಸಲೆಂದು ಸ್ಕ್ಯಾನ್ ಮಾಡಿಟ್ಟ ವಿದೇಶಿಯರ ಪಾಸ್‌ಪೋರ್ಟ್. ಅದೇ ನೆಟ್‌ವರ್ಕಿಗೆ ದಿನವೂ ಗುರುತಿಲ್ಲದ ಮೊಬೈಲುಗಳು ಸೇರುತ್ತವೆ. ಇವೆರಡನ್ನು ಬೇರೆ ಮಾಡುವ ನಾಲ್ಕು ದಾರಿಗಳನ್ನು ಒಂದೇ ಪರೀಕ್ಷೆಗೆ ಹಚ್ಚಿ ನೋಡಿದೆವು. ಅತಿಥಿ ವೈಫೈಯಲ್ಲಿರುವ ಫೋನಿನಿಂದ ಆಫೀಸಿನ ಪ್ರಿಂಟರಿಗೆ ಪಿಂಗ್ (ತಲುಪುತ್ತದೆಯೇ ಎಂದು ನೋಡುವ ಪರೀಕ್ಷಾ ಸಂದೇಶ) ಹೋಗುತ್ತದೆಯೇ? ಸಿಸಿಟಿವಿ ದೃಶ್ಯ ದಾಖಲಿಸುವ ಡಿವಿಆರ್‌ನ ಪುಟ ತೆರೆಯುತ್ತದೆಯೇ? ರೂಟರಿನ ಲಾಗಿನ್ ಪುಟ ಬರುತ್ತದೆಯೇ? ಪಕ್ಕದ ಅತಿಥಿಯ ಫೋನ್ ಕಾಣುತ್ತದೆಯೇ? ನಾಲ್ಕಕ್ಕೂ ‘ಇಲ್ಲ’ ಎಂದಾದರೆ ಮಾತ್ರ ಪಾಸು.

ಫೈಬರ್ ಡಬ್ಬಿಯಲ್ಲೇ ಇರುವ ಗೆಸ್ಟ್ ವೈಫೈ

ಖರ್ಚಿಲ್ಲ, ಐದು ನಿಮಿಷದ ಕೆಲಸ. ಒಂದೇ ಡಬ್ಬಿಯ ಸಿಗ್ನಲ್ ಸಾಕಾಗುವ ಮೂರು ರೂಮಿನ ಮನೆಗೆ ಇದು ಸಾಕು. ತೊಂದರೆ ಶುರುವಾಗುವುದು ಹಿಂದಿನ ಕಾಟೇಜಿಗೆಂದು ಎರಡನೇ ವೈಫೈ ಹಾಕಿದಾಗ. ಆ ಎರಡನೇ ಡಬ್ಬಿಯನ್ನು ಆಕ್ಸೆಸ್ ಪಾಯಿಂಟ್ ಮೋಡಿಗೆ (ರೂಟರ್ ಕೆಲಸ ಬಿಟ್ಟು ವೈಫೈ ಮಾತ್ರ ಹರಡುವ ಮೋಡ್) ತಿರುಗಿಸಿದರೆ, ಹಲವು ಅಗ್ಗದ ಮಾಡೆಲ್‌ಗಳಲ್ಲಿ ಗೆಸ್ಟ್ ಎಂಬ ಹೆಸರು ಉಳಿಯುತ್ತದೆ, ಪ್ರತ್ಯೇಕತೆ ಉಳಿಯುವುದಿಲ್ಲ. ಅತಿಥಿಗೂ ಆಫೀಸಿಗೂ ಒಂದೇ ಸಾಲಿನ ಐಪಿ (ನೆಟ್‌ವರ್ಕಿನ ವಿಳಾಸ) ಸಿಗುತ್ತದೆ, ಪ್ರಿಂಟರಿಗೆ ಪಿಂಗ್ ಸಲೀಸಾಗಿ ಹೋಗುತ್ತದೆ. ಪರೀಕ್ಷಿಸದೆ ನಂಬಬೇಡಿ.

ಎರಡು ರೂಟರ್, ಒಂದರ ಹಿಂದೆ ಒಂದು

ಇಲ್ಲಿ ಎಲ್ಲವೂ ನಿಂತಿರುವುದು ಕ್ರಮದ ಮೇಲೆ. ಹೆಚ್ಚಿನವರು ಆಫೀಸನ್ನು ಮುಂದಿನ, ಅಂದರೆ ಫೈಬರ್ ಬಂದು ಸೇರುವ, ಡಬ್ಬಿಯಲ್ಲೇ ಬಿಟ್ಟು, ಹೊಸ ರೂಟರನ್ನು ಅದರ ಹಿಂದೆ ಅತಿಥಿಗೆಂದು ಹಾಕುತ್ತಾರೆ. ಅದು ತಿರುಗುಮುರುಗು. ಹಿಂದಿನ ರೂಟರಿಗೆ ಮುಂದಿನ ನೆಟ್‌ವರ್ಕೆಂದರೆ ‘ಹೊರಗಿನ ಲೋಕ’. ಅಲ್ಲಿಗೆ ಹೋಗುವ ಅತಿಥಿಯನ್ನು ಅದು ತಡೆಯುವುದಿಲ್ಲ. ಅತಿಥಿಗಳು ಮುಂದಿನ ಡಬ್ಬಿಯಲ್ಲಿ, ಆಫೀಸು ಹಿಂದಿನ ರೂಟರಿನಲ್ಲಿ ಇರಬೇಕು. ಎರಡರಲ್ಲೂ 192.168.1.0 ಸಾಲೇ ಇದ್ದರೆ ಆಫೀಸಿಗೆ ನೆಟ್ ಬರುವುದೇ ಅನುಮಾನ. ಹಿಂದಿನದನ್ನು 192.168.10.0 ಮಾಡಿ. ಹೀಗೆ ಮಾಡಿದರೆ ಪ್ರಿಂಟರ್, ಡಿವಿಆರ್ ಎರಡೂ ಕಣ್ಮರೆ. ಆದರೆ ಮುಂದಿನ ಡಬ್ಬಿಯ ಲಾಗಿನ್ ಪುಟ ಅತಿಥಿಗೆ ಕಾಣುತ್ತಲೇ ಇರುತ್ತದೆ. ಸ್ಟಿಕರಿನಲ್ಲಿರುವ ಪಾಸ್‌ವರ್ಡನ್ನು ಅಂದೇ ಬದಲಿಸಿ.

ಮೈಕ್ರೋಟಿಕ್ ಹೆಕ್ಸ್ ಮತ್ತು ವಿ-ಲ್ಯಾನ್

ಹತ್ತು ಹನ್ನೆರಡು ರೂಮಿನ ಜಾಗಕ್ಕೆ ನಮ್ಮ ಮತ ಇದಕ್ಕೇ. ಹೆಕ್ಸ್ ಎಂದರೆ ಮೈಕ್ರೋಟಿಕ್ ಕಂಪನಿಯ ಚಿಕ್ಕ ರೂಟರ್. ಒಂದೇ ಕೇಬಲಿನಲ್ಲಿ ಗುರುತಿನ ಸಂಖ್ಯೆ (ಟ್ಯಾಗ್) ಹಚ್ಚಿ ಬೇರೆ ಬೇರೆ ನೆಟ್‌ವರ್ಕ್ ಓಡಿಸುವುದೇ ವಿ-ಲ್ಯಾನ್. ಬೇಕಾದ ಸಾಮಾನು: ಐದು ಗಿಗಾಬಿಟ್ ಪೋರ್ಟಿನ ಹೆಕ್ಸ್ (ಆರ್‌ಬಿ750ಜಿಆರ್3), ವಿ-ಲ್ಯಾನ್ ಹೊಂದಿಸಬಲ್ಲ ಒಂದು ಮ್ಯಾನೇಜ್ಡ್ ಸ್ವಿಚ್, ವಿ-ಲ್ಯಾನ್ ಟ್ಯಾಗ್ ಅರಿಯುವ ಆಕ್ಸೆಸ್ ಪಾಯಿಂಟ್. ಆಫೀಸಿಗೆ ವಿ-ಲ್ಯಾನ್ 10, ಅತಿಥಿಗೆ 20, ಕ್ಯಾಮೆರಾಕ್ಕೆ 30. ನಡುವೆ ಎಲ್ಲೋ ಒಂದು ಸಾದಾ ಸ್ವಿಚ್ ಉಳಿದುಕೊಂಡಿದ್ದರೆ ಅಷ್ಟೂ ಶ್ರಮ ನೀರುಪಾಲು, ಏಕೆಂದರೆ ಅದಕ್ಕೆ ಟ್ಯಾಗಿನ ಗೊಡವೆಯೇ ಇಲ್ಲ.

ರೂಟರಿನ ಪೋರ್ಟುಗಳನ್ನು ಒಟ್ಟುಗೂಡಿಸುವ ಬ್ರಿಡ್ಜಿನಲ್ಲಿ ವಿ-ಲ್ಯಾನ್ ಫಿಲ್ಟರಿಂಗ್ ಆನ್ ಮಾಡುವುದು ಕೊನೆಯ ಹೆಜ್ಜೆಯಾಗಿರಲಿ. ನೀವು ಕೂತ ಪೋರ್ಟಿಗೆ ವಿ-ಲ್ಯಾನ್ ಹೊಂದಿಸುವ ಮೊದಲೇ ಅದನ್ನು ಒತ್ತಿದರೆ ರೂಟರ್ ನಿಮ್ಮನ್ನೇ ಹೊರಹಾಕುತ್ತದೆ. ಮೈಕ್ರೋಟಿಕ್ ಹೊಂದಿಸುವ ತಂತ್ರಾಂಶವಾದ ವಿನ್‌ಬಾಕ್ಸಿನ ಸೇಫ್ ಮೋಡ್ ಆನ್ ಇಟ್ಟುಕೊಂಡರೆ ಸಂಪರ್ಕ ಕಡಿದ ಮೇಲೆ ಬದಲಾವಣೆ ತಾನಾಗಿ ಹಿಂದಕ್ಕೆ ಹೋಗುತ್ತದೆ.

ವಿ-ಲ್ಯಾನ್ ಮಾಡಿದ ಮಾತ್ರಕ್ಕೆ ಗೋಡೆ ಎದ್ದಿತೆಂದು ತಿಳಿಯಬೇಡಿ. ರೂಟರಿನ ಕೆಲಸವೇ ಎರಡು ನೆಟ್‌ವರ್ಕುಗಳ ನಡುವೆ ದಾರಿ ಮಾಡಿಕೊಡುವುದು, ಕಂಪನಿಯಿಂದ ಬಂದ ಫೈರ್‌ವಾಲ್ ನಿಯಮಗಳೂ 20ರಿಂದ 10ಕ್ಕೆ ಹೋಗುವುದನ್ನು ತಡೆಯುವುದಿಲ್ಲ. ರೂಟರಿನ ಮೂಲಕ ಹಾದುಹೋಗುವುದನ್ನು ನೋಡುವ ಫಾರ್ವರ್ಡ್ ಚೈನಿನಲ್ಲಿ ಒಂದು ಡ್ರಾಪ್ (ಬಿಸಾಡುವ) ನಿಯಮ ಹಾಕಿ: ಮೂಲ ವಿ-ಲ್ಯಾನ್ 20, ಗುರಿ ಖಾಸಗಿ ಐಪಿ ಸಾಲುಗಳಾದ 10.0.0.0/8, 172.16.0.0/12, 192.168.0.0/16. ಇದೊಂದೇ ನಿಯಮ ಆಫೀಸು, ಡಿವಿಆರ್, ಜೊತೆಗೆ ಫೈಬರ್ ಡಬ್ಬಿಯ ಲಾಗಿನ್ ಪುಟವನ್ನೂ ಮುಚ್ಚುತ್ತದೆ.

ಆಮೇಲೆ ಬರುವುದು ‘ವೈಫೈ ಸೇರುತ್ತದೆ, ನೆಟ್ ಇಲ್ಲ’ ಎಂಬ ದೂರು. ಫೋನಿಗೆ ಐಪಿ ಸಿಕ್ಕಿರುತ್ತದೆ, ಪುಟ ಮಾತ್ರ ತೆರೆಯುವುದಿಲ್ಲ. ರೂಟರ್ ನಂಬುವ ಒಳಗಿನ ನೆಟ್‌ವರ್ಕುಗಳ ಪಟ್ಟಿಯಲ್ಲಿ (ಲ್ಯಾನ್ ಪಟ್ಟಿ) ಇಲ್ಲದ ಕಡೆಯಿಂದ ರೂಟರಿಗೇ ಬಂದದ್ದನ್ನೆಲ್ಲ ಇನ್‌ಪುಟ್ ಚೈನ್ ಬಿಸಾಡುತ್ತದೆ, ಅದರಲ್ಲಿ ಸೈಟಿನ ಹೆಸರಿಗೆ ಐಪಿ ಕೇಳುವ ಡಿಎನ್ಎಸ್ ಪ್ರಶ್ನೆಯೂ ಹೋಗುತ್ತದೆ. ಸುಲಭವೆಂದು ವಿ-ಲ್ಯಾನ್ 20ನ್ನು ಲ್ಯಾನ್ ಪಟ್ಟಿಗೆ ಸೇರಿಸಿಬಿಡುವವರಿದ್ದಾರೆ. ನೆಟ್ ಬರುತ್ತದೆ ನಿಜ, ಜೊತೆಗೆ ವಿನ್‌ಬಾಕ್ಸಿನ 8291 ಪೋರ್ಟೂ ಅತಿಥಿಗೆ ತೆರೆದುಕೊಳ್ಳುತ್ತದೆ. ಸರಿಯಾದ ಮದ್ದು ಬೇರೆ: ವಿ-ಲ್ಯಾನ್ 20ರಿಂದ ಬರುವ ಯುಡಿಪಿ, ಟಿಸಿಪಿ 53ನ್ನು (ಡಿಎನ್ಎಸ್ ಪೋರ್ಟ್) ಮಾತ್ರ ಒಪ್ಪುವ ನಿಯಮವನ್ನು ಇನ್‌ಪುಟ್ ಚೈನಿನ ಆ ಡ್ರಾಪ್ ನಿಯಮದ ಮೇಲೆ ಕೂರಿಸಿ.

ವೇಗ ಹಂಚುವಾಗ ಇನ್ನೊಂದು. ವೇಗಕ್ಕೆ ಮಿತಿ ಹಾಕುವ ಸಿಂಪಲ್ ಕ್ಯೂ ಇದ್ದರೂ ಒಬ್ಬನೇ ಪೂರ್ತಿ ಲೈನ್ ನುಂಗುತ್ತಿದ್ದರೆ, ಪ್ರೊಸೆಸರಿನ ಹೊರೆ ತಗ್ಗಿಸುವ ಅಡ್ಡದಾರಿಯಾದ ಫಾಸ್ಟ್‌ಟ್ರ್ಯಾಕ್ ನಿಯಮ ನೋಡಿ. ಅದರ ಮೂಲಕ ಹೋಗುವ ದಟ್ಟಣೆ ಸಿಂಪಲ್ ಕ್ಯೂ ಮುಟ್ಟುವುದೇ ಇಲ್ಲ. ಅದನ್ನು ಆಫ್ ಮಾಡಿ. 100 ಎಂಬಿಪಿಎಸ್ ಲೈನಿಗೆ ಹೆಕ್ಸ್‌ನ ಪ್ರೊಸೆಸರ್ ಅದಿಲ್ಲದೆಯೂ ಸಾಕು.

ಓಪಿಎನ್‌ಸೆನ್ಸ್, ಮಿನಿ ಪಿಸಿಯ ಮೇಲೆ

ಚಿಕ್ಕ ಕಂಪ್ಯೂಟರನ್ನೇ ರೂಟರ್, ಫೈರ್‌ವಾಲ್ ಮಾಡುವ ಉಚಿತ ತಂತ್ರಾಂಶ ಇದು. ನಾಲ್ಕರಲ್ಲಿ ಹೆಚ್ಚು ಸಾಮರ್ಥ್ಯ ಇದಕ್ಕೇ. ರೂಮಿಗೊಂದು ವೋಚರ್ ಕೊಟ್ಟು, ಚೆಕ್‌ಔಟ್ ವೇಳೆಗೆ ಮುಗಿಯುವಂತೆ ಮಾಡುವ ಕ್ಯಾಪ್ಟಿವ್ ಪೋರ್ಟಲ್ (ನೆಟ್ ಕೊಡುವ ಮೊದಲು ಬರುವ ಲಾಗಿನ್ ಪುಟ) ಒಳಗೇ ಇದೆ. ಹೊಸ ಇಂಟರ್‌ಫೇಸ್ ಮಾಡಿದರೆ ನಿಯಮ ಬರೆಯುವ ತನಕ ಅತಿಥಿಗೆ ಏನೂ ತೆರೆಯುವುದಿಲ್ಲ. ಮೈಕ್ರೋಟಿಕ್‌ಗಿಂತ ಈ ಸ್ವಭಾವ ನಮಗೆ ಹಿಡಿಸಿತು. ನಿಯಮಗಳ ಸಾಲು ಮಾತ್ರ ತಪ್ಪಬಾರದು: ಮೊದಲು ಡಿಎನ್ಎಸ್ ಒಪ್ಪಿಗೆ, ಆಮೇಲೆ ಖಾಸಗಿ ಐಪಿಗಳಿಗೆ ತಡೆ, ಕೊನೆಗೆ ಉಳಿದೆಲ್ಲಕ್ಕೂ ಒಪ್ಪಿಗೆ. ಮೇಲಿಂದ ಕೆಳಗೆ ಓದುತ್ತ, ಹೊಂದಿದ ಮೊದಲ ನಿಯಮಕ್ಕೇ ಅದು ನಿಲ್ಲುತ್ತದೆ.

ಹಿಂದೆಗೆಯಲು ಕಾರಣ ಕರೆಂಟು. ಮಳೆಗಾಲದಲ್ಲಿ ಶಿರಸಿ ಘಟ್ಟದ ಮೇಲೂ, ಕಾರವಾರದ ಕಡೆಗೂ ಲೈನ್ ಹೋಗುವುದಕ್ಕೆ ಹೊತ್ತು ಗೊತ್ತಿಲ್ಲ. ಇದನ್ನು ಇನ್‌ಸ್ಟಾಲ್ ಮಾಡುವಾಗ ಡಿಸ್ಕಿನ ಫೈಲ್ ವ್ಯವಸ್ಥೆಯಾಗಿ ಯುಎಫ್ಎಸ್ ಬಿಟ್ಟು ಝಡ್ಎಫ್ಎಸ್ ಆಯ್ದುಕೊಳ್ಳಿ, ಹಠಾತ್ ಕರೆಂಟ್ ಹೋದರೆ ಫೈಲ್ ಕೆಡುವ ಭಯ ಕಡಿಮೆ. ಹೆಕ್ಸ್ 8ರಿಂದ 30 ವೋಲ್ಟಿನವರೆಗೆ ಓಡುವುದರಿಂದ ಅಂಗಡಿಯಲ್ಲಿ ಸಿಗುವ 12 ವೋಲ್ಟ್ ಮಿನಿ ಯುಪಿಎಸ್ ಅದಕ್ಕೆ ನೇರ ಹೊಂದುತ್ತದೆ. ಮಿನಿ ಪಿಸಿಗೆ ಅಷ್ಟು ಚಿಕ್ಕದು ಸಾಲದೇ ಹೋಗಬಹುದು. ಊರಲ್ಲಿ ಅಪ್‌ಡೇಟ್ ನೋಡಿಕೊಳ್ಳುವವರು ಇಲ್ಲದಿದ್ದರೆ ಇದರ ತಂಟೆಗೆ ಹೋಗಬೇಡಿ.

ನಾಲ್ಕರಲ್ಲೂ ಉಳಿಯುವ ತೂತುಗಳು

ಒಂದೇ ಅತಿಥಿ ವೈಫೈಯ ಎರಡು ಫೋನುಗಳ ನಡುವಿನ ಮಾತು ಫೈರ್‌ವಾಲ್ ತನಕ ಬರುವುದೇ ಇಲ್ಲ. ಅದನ್ನು ತಡೆಯಬೇಕಾದ್ದು ಆಕ್ಸೆಸ್ ಪಾಯಿಂಟಿನ ಕ್ಲೈಂಟ್ ಐಸೊಲೇಶನ್, ಅಂದರೆ ಫೋನುಗಳು ಒಂದನ್ನೊಂದು ಕಾಣದಂತೆ ಮಾಡುವ ಸೌಲಭ್ಯ. ಗೋಕರ್ಣದಂಥ ಕಡೆ ಹಗಲು ಬಂದು ಸಂಜೆ ಹೋಗುವವರೂ ಇರುತ್ತಾರೆ, ಮೊಬೈಲುಗಳೂ ಮ್ಯಾಕ್ ವಿಳಾಸ (ಸಾಧನದ ಗುರುತಿನ ಸಂಖ್ಯೆ) ಬದಲಿಸುತ್ತಿರುತ್ತವೆ. ಡಿಎಚ್‌ಸಿಪಿ ಲೀಸನ್ನು (ಒಂದು ಫೋನಿಗೆ ಐಪಿ ಮೀಸಲಾಗಿರುವ ಅವಧಿ) 24 ಗಂಟೆಗೆ ಬಿಟ್ಟರೆ ವಾರಾಂತ್ಯದಲ್ಲಿ ಐಪಿ ಮುಗಿಯಬಹುದು. 2 ಗಂಟೆ ಸಾಕು, ಜನ ಹೆಚ್ಚಿದ್ದರೆ ಐಪಿ ಸಾಲಿನ ಗಾತ್ರವನ್ನು /24 ಬದಲು /23 ಇಡಿ, 510 ವಿಳಾಸ ಸಿಗುತ್ತವೆ.

ಕಾಟೇಜಿಗೆ ತಾಮ್ರದ ಕೇಬಲ್ ಎಳೆಯುವ ಬದಲು ಫೈಬರ್ ಎಳೆಯಿರಿ. ಮೇ ತಿಂಗಳ ಗುಡುಗು-ಮಿಂಚಿಗೆ ಕೇಬಲಿನಲ್ಲಿ ಹರಿದು ಬರುವ ಸರ್ಜ್ ಸ್ವಿಚ್ಚಿನ ಪೋರ್ಟನ್ನು ಸುಡುತ್ತದೆ. ಹೊರಗಿನ ಕೇಬಲಿನ ಆರ್‌ಜೆ45 ಪ್ಲಗ್ ತುದಿಗಳು ಉಪ್ಪುಗಾಳಿಗೆ ಹಸಿರು ಹಿಡಿದು, ಗಿಗಾಬಿಟ್ ಲಿಂಕ್ 100 ಎಂಬಿಪಿಎಸ್‌ಗೆ ಇಳಿದಿರುವುದೂ ಉಂಟು.

ಕೊನೆಯ ಪರೀಕ್ಷೆ ಹೊಸ ಬಗೆಯ, ಉದ್ದನೆಯ ಐಪಿ ವಿಳಾಸವಾದ ಐಪಿವಿ6ನದು. ಮೈಕ್ರೋಟಿಕ್‌ನಲ್ಲಿ ಅದರ ಫೈರ್‌ವಾಲ್ ಬೇರೆಯೇ ಮೆನುವಿನಲ್ಲಿದೆ, ಮೇಲೆ ಬರೆದ ಡ್ರಾಪ್ ನಿಯಮ ಅದಕ್ಕೆ ತಾಗುವುದಿಲ್ಲ. ಅತಿಥಿ ಫೋನಿನಲ್ಲಿ ವೈಫೈ ವಿವರ ತೆರೆದು, 2ರಿಂದ ಶುರುವಾಗುವ ಉದ್ದನೆಯ ವಿಳಾಸ ಕಂಡರೆ, ವಿ-ಲ್ಯಾನ್ 20ರಿಂದ 10ಕ್ಕೂ 30ಕ್ಕೂ ಹೋಗುವುದನ್ನು ಅಲ್ಲೂ ಡ್ರಾಪ್ ಮಾಡಿ. ಬೇಡವೆಂದರೆ ಅತಿಥಿ ವಿ-ಲ್ಯಾನಿಗೆ ಐಪಿವಿ6 ಕೊಡುವುದನ್ನೇ ನಿಲ್ಲಿಸಿ.