ಕಪ್ಪು ಮಸಿಯ ಅಡಿಯ ಸಾಲುಗಳು: ನ್ಯಾಷನಲ್ ಸೆಕ್ಯುರಿಟಿ ಆರ್ಕೈವ್ ಎಂಬ ದಾಖಲೆ ಸೇವೆಯ ವಿಮರ್ಶೆ

ಅಮೆರಿಕದ ವಿದೇಶಾಂಗ ನೀತಿಯ ಬಗ್ಗೆ ಅಭಿಪ್ರಾಯ ಹೇಳುವವರಿಗೆ ಕೊರತೆಯಿಲ್ಲ. ಆದರೆ ಆ ನೀತಿಯನ್ನು ರೂಪಿಸಿದವರು ತಮ್ಮತಮ್ಮಲ್ಲಿ ಏನು ಬರೆದುಕೊಂಡರು ಎಂಬುದನ್ನು ಮೂಲದಲ್ಲೇ ಓದಲು ಬಯಸುವವರಿಗೆ ಒದಗುವ ತಾಣಗಳು ಕೆಲವೇ. ಅವುಗಳಲ್ಲಿ ನಾನು ಹೆಚ್ಚಾಗಿ ನೆಚ್ಚಿಕೊಂಡಿರುವುದು ವಾಷಿಂಗ್ಟನ್ನಿನ ನ್ಯಾಷನಲ್ ಸೆಕ್ಯುರಿಟಿ ಆರ್ಕೈವ್ ಅನ್ನು. ಹೆಸರು ಕೇಳಿದವರು ಇದನ್ನು ಸರ್ಕಾರಿ ಇಲಾಖೆಯೆಂದು ತಿಳಿಯುವ ಸಂಭವವಿದೆ. ವಾಸ್ತವದಲ್ಲಿ ಇದು 1985ರಲ್ಲಿ ಪತ್ರಕರ್ತರೂ ವಿದ್ವಾಂಸರೂ ಸೇರಿ ಕಟ್ಟಿದ ಖಾಸಗಿ, ಲಾಭರಹಿತ ಸಂಸ್ಥೆ; ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯದ ಗೆಲ್ಮನ್ ಗ್ರಂಥಾಲಯದಲ್ಲಿ ನೆಲೆಗೊಂಡಿದೆ ಮತ್ತು ಅಮೆರಿಕ ಸರ್ಕಾರದಿಂದ ಹಣ ಪಡೆಯುವುದಿಲ್ಲ.

ಈ ಸೇವೆಗೆ ಆಧಾರವಾಗಿರುವುದು ಅಮೆರಿಕದ ಮಾಹಿತಿ ಸ್ವಾತಂತ್ರ್ಯ ಕಾಯ್ದೆ. 1966ರ ಜುಲೈ 4ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಸಹಿ ಹಾಕಿದ ಈ ಕಾಯ್ದೆಗೆ ನಿಜವಾದ ಬಲ ಬಂದದ್ದು 1974ರಲ್ಲಿ, ವಾಟರ್‌ಗೇಟ್ ಹಗರಣದ ಬೆನ್ನಿಗೇ, ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಅವರ ವಿಟೊವನ್ನು ಮೀರಿ ಅಲ್ಲಿನ ಸಂಸತ್ತು ತಿದ್ದುಪಡಿ ತಂದಾಗ. ಅರ್ಜಿಗೆ 20 ಕೆಲಸದ ದಿನಗಳಲ್ಲಿ ಉತ್ತರಿಸಬೇಕೆಂದು ಕಾಯ್ದೆ ಹೇಳುತ್ತದೆಯಾದರೂ ಗುಪ್ತಚರ ಕಡತಗಳ ಮಟ್ಟಿಗೆ ಆ ಗಡುವು ಕಾಗದದ ಮೇಲಷ್ಟೇ ಉಳಿದಿದೆ. ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ತನ್ನ ಕಾನೂನುಬಾಹಿರ ಕೃತ್ಯಗಳನ್ನು ತಾನೇ ದಾಖಲಿಸಿಟ್ಟುಕೊಂಡಿದ್ದ 'ಫ್ಯಾಮಿಲಿ ಜ್ಯುವೆಲ್ಸ್' ಎಂಬ ಸುಮಾರು 700 ಪುಟಗಳ ಕಡತವನ್ನು ಆರ್ಕೈವ್ ಕೇಳಿದ್ದು 1992ರಲ್ಲಿ. ಅದು ಹೊರಬಂದದ್ದು 2007ರ ಜೂನ್‌ನಲ್ಲಿ. ಒಬ್ಬ ಸಾಮಾನ್ಯ ಓದುಗ ಇಷ್ಟು ಕಾಲ ಬೆನ್ನು ಬಿಡದೆ ಕೂರಲಾರ. ಅರ್ಜಿ, ಮೇಲ್ಮನವಿ, ದಾವೆ ಎಂಬ ಆ ದೀರ್ಘ ಶ್ರಮವನ್ನು ಓದುಗರೆಲ್ಲರ ಪರವಾಗಿ ಈ ಸಂಸ್ಥೆ ಮಾಡುತ್ತದೆ ಎಂಬುದೇ ನನ್ನ ದೃಷ್ಟಿಯಲ್ಲಿ ಇದರ ಮೊದಲ ಹಿರಿಮೆ.

ಎರಡನೆಯ ಹಿರಿಮೆ ಇರುವುದು ದಾಖಲೆಯನ್ನು ಮುಂದಿಡುವ ರೀತಿಯಲ್ಲಿ. ಇಲ್ಲಿನ ಪ್ರತಿಯೊಂದು ಪ್ರಕಟಣೆಯಲ್ಲೂ ವಿಷಯ ಬಲ್ಲವರು ಬರೆದ ಪೀಠಿಕೆಯಿದ್ದು, ಅದರ ಕೆಳಗೆ ಮೂಲ ಪುಟಗಳ ಸ್ಕ್ಯಾನ್ ಪ್ರತಿಗಳಿರುತ್ತವೆ. ಇರಾನಿನ ಪ್ರಧಾನಿ ಮೊಹಮ್ಮದ್ ಮೊಸಾದೆಗ್ ಅವರನ್ನು 1953ರಲ್ಲಿ ಪದಚ್ಯುತಗೊಳಿಸಿದ ಕ್ಷಿಪ್ರಕ್ರಾಂತಿಯ ಕುರಿತ ಪುಟಗಳನ್ನೇ ನೋಡಬಹುದು. ಸಿಐಎಯ ಆಂತರಿಕ ಇತಿಹಾಸವೊಂದು 1981ರಲ್ಲಿ ಬಿಡುಗಡೆಯಾದಾಗ ಮುಖ್ಯ ಭಾಗವನ್ನು ಅಳಿಸಲಾಗಿತ್ತು. ಆರ್ಕೈವ್ ಮತ್ತೆ ಪಟ್ಟುಹಿಡಿದು ಪಡೆದ ಪ್ರತಿಯನ್ನು ಘಟನೆಯ 60ನೇ ವರ್ಷವಾದ 2013ರ ಆಗಸ್ಟ್‌ನಲ್ಲಿ ಪ್ರಕಟಿಸಿತು. ಆ ಕ್ರಾಂತಿ ಸಿಐಎಯ ನಿರ್ದೇಶನದಲ್ಲಿ, ಅಮೆರಿಕದ ವಿದೇಶಾಂಗ ನೀತಿಯ ಕ್ರಮವಾಗಿಯೇ, ಸರ್ಕಾರದ ಅತ್ಯುನ್ನತ ಮಟ್ಟದ ಒಪ್ಪಿಗೆಯೊಂದಿಗೆ ನಡೆಯಿತೆಂದು ಅದರಲ್ಲಿ ಸ್ಪಷ್ಟವಾಗಿ ಬರೆದಿದೆ. ಇರಾನಿಯರು ಅರವತ್ತು ವರ್ಷಗಳಿಂದ ಹೇಳುತ್ತ ಬಂದಿದ್ದ ಸಂಗತಿಯದು. ಹಾಗಾದರೆ ಮುಚ್ಚಿಟ್ಟದ್ದು ಯಾರಿಗೆ ತಿಳಿಯದಿರಲೆಂದು ಎಂಬ ಪ್ರಶ್ನೆ, ಅಳಿಸಿದ ಪ್ರತಿಯನ್ನೂ ತೆರೆದ ಪ್ರತಿಯನ್ನೂ ಜೊತೆಗಿಟ್ಟು ಓದುವವರಲ್ಲಿ ತಾನಾಗಿ ಏಳುತ್ತದೆ.

1971ರ ಬಾಂಗ್ಲಾ ಬಿಕ್ಕಟ್ಟಿನ ಕಡತ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿದು ಕೂರಿಸಿದ್ದು. ಢಾಕಾದಲ್ಲಿದ್ದ ಅಮೆರಿಕದ ಕಾನ್ಸಲ್ ಜನರಲ್ ಆರ್ಚರ್ ಬ್ಲಡ್ ಅವರ ಕಚೇರಿಯಿಂದ ಆ ವರ್ಷದ ಏಪ್ರಿಲ್ 6ರಂದು ಹೊರಟ ತಂತಿಯಲ್ಲಿ, 20 ಮಂದಿ ಅಮೆರಿಕನ್ ಅಧಿಕಾರಿಗಳು ಹೆಸರು ಹಾಕಿ, ತಮ್ಮ ಸರ್ಕಾರ ಪ್ರಜಾಪ್ರಭುತ್ವದ ದಮನವನ್ನು ಖಂಡಿಸಲು ವಿಫಲವಾಗಿದೆಯೆಂದು ನೇರವಾಗಿ ಆಕ್ಷೇಪಿಸಿದ್ದಾರೆ. ಅದೇ ಕಡತದಲ್ಲಿ, ಆಯ್ಕೆಗಳನ್ನು ವಿವರಿಸಿ ರಾಷ್ಟ್ರೀಯ ಭದ್ರತಾ ಸಲಹೆಗಾರ ಹೆನ್ರಿ ಕಿಸಿಂಜರ್ ಸಲ್ಲಿಸಿದ ಏಪ್ರಿಲ್ 28ರ ಟಿಪ್ಪಣಿಯ ಮೇಲೆ ಅಧ್ಯಕ್ಷ ನಿಕ್ಸನ್ ಕೈಬರಹದಲ್ಲಿ ಬರೆದದ್ದೂ ಇದೆ: ಎಲ್ಲರಿಗೂ, ಈ ಹೊತ್ತಿನಲ್ಲಿ ಯಾಹ್ಯಾ ಮೇಲೆ ಒತ್ತಡ ಹಾಕಬೇಡಿ, ಎಂದು. ಪಾಕಿಸ್ತಾನದ ಅಧ್ಯಕ್ಷ ಯಾಹ್ಯಾ ಖಾನ್ ಆಗ ಚೀನಾದೊಂದಿಗಿನ ಅಮೆರಿಕದ ಗುಪ್ತ ಮಾತುಕತೆಗೆ ಸೇತುವೆಯಾಗಿದ್ದರು. ಆ ಜುಲೈನಲ್ಲೇ ಕಿಸಿಂಜರ್ ಪಾಕಿಸ್ತಾನದ ಮೂಲಕ ಬೀಜಿಂಗಿಗೆ ಹೋಗಿಬಂದರು. ಬ್ಲಡ್ ಅವರನ್ನು ಢಾಕಾದಿಂದ ತೆಗೆಯಲಾಯಿತು. ಎಚ್ಚರಿಕೆ ತಲುಪಲಿಲ್ಲ, ಮಾಹಿತಿ ಸಾಲಲಿಲ್ಲ ಎಂಬ ಸಮಜಾಯಿಷಿ ಈ ಎರಡು ಹಾಳೆಗಳ ಮುಂದೆ ನಿಲ್ಲುವುದಿಲ್ಲ. ಗೊತ್ತಿದ್ದೂ ತೆಗೆದುಕೊಂಡ ತೀರ್ಮಾನವದು, ಮತ್ತು ಅದನ್ನು ವಿರೋಧಿಸಿದವರೂ ಅದೇ ಸರ್ಕಾರದ ನೌಕರರೇ. ಅಮೆರಿಕವನ್ನು ಒಂದೇ ದನಿಯ ದೇಶವೆಂದು ಭಾವಿಸಿ ಬೈಯುವವರೂ ಹೊಗಳುವವರೂ ಈ ಕಡತವನ್ನು ಒಮ್ಮೆ ಓದಬೇಕು.

ಇಲ್ಲಿನ ಕಾಗದಗಳು ಇತಿಹಾಸದ ಕುತೂಹಲಕ್ಕಷ್ಟೇ ಮೀಸಲಾಗದೆ ನ್ಯಾಯಾಲಯದ ಸಾಕ್ಷ್ಯವೂ ಆಗಿವೆ. ಗ್ವಾಟೆಮಾಲಾದ ಸೇನೆಯ ಗುಪ್ತಚರ ವಿಭಾಗ 1980ರ ದಶಕದಲ್ಲಿ ಅಪಹರಿಸಿದ 183 ಮಂದಿಯ ಫೋಟೊ ಮತ್ತು ವಿವರಗಳಿದ್ದ, ಮುಂದೆ 'ಮಿಲಿಟರಿ ಡೈರಿ' ಎಂದೇ ಹೆಸರಾದ ದಾಖಲೆಯನ್ನು ಆರ್ಕೈವ್ 1999ರಲ್ಲಿ ಬಹಿರಂಗಪಡಿಸಿತು. ಕಣ್ಮರೆಯಾದ ಮಗ, ತಂದೆ, ಅಕ್ಕ ಏನಾದರೆಂದು ಅಷ್ಟು ವರ್ಷ ತಿಳಿಯದಿದ್ದ ಕುಟುಂಬಗಳಿಗೆ ಆ ಪುಟಗಳಲ್ಲಿ ತಮ್ಮವರ ಮುಖ ಕಂಡಿತು. 2012ರಲ್ಲಿ ಅಂತರ-ಅಮೆರಿಕ ಮಾನವ ಹಕ್ಕುಗಳ ನ್ಯಾಯಾಲಯ ಆ ಪ್ರಕರಣದಲ್ಲಿ ಗ್ವಾಟೆಮಾಲಾ ಸರ್ಕಾರವನ್ನು ಹೊಣೆಗಾರನನ್ನಾಗಿಸಿತು. ಪೆರುವಿನ ಮಾಜಿ ಅಧ್ಯಕ್ಷ ಆಲ್ಬರ್ಟೊ ಫುಜಿಮೊರಿ ಅವರಿಗೆ 2009ರಲ್ಲಿ 25 ವರ್ಷ ಶಿಕ್ಷೆಯಾದ ವಿಚಾರಣೆಯಲ್ಲೂ ಆರ್ಕೈವ್‌ನ ವಿಶ್ಲೇಷಕರು ಸಾಕ್ಷಿ ನುಡಿದಿದ್ದರು.

ಆದರೆ ಈ ಸಂಗ್ರಹವನ್ನು ಓದುತ್ತ ಹೋದಂತೆ ನೋವಿನ ಒಂದು ಸಂಗತಿ ಗೋಚರಿಸುತ್ತದೆ: ವಾಷಿಂಗ್ಟನ್ನಿನ ಕಡತಗಳು ವಾಷಿಂಗ್ಟನ್ನಿನ ಮಿತ್ರರನ್ನು ಕಟಕಟೆಗೆ ತಂದಷ್ಟು ವಾಷಿಂಗ್ಟನ್ನಿನವರನ್ನು ತಂದಿಲ್ಲ. ಚಿಲಿಯ ಆರ್ಥಿಕತೆ ನರಳುವಂತೆ ಮಾಡಬೇಕೆಂದು ನಿಕ್ಸನ್ 1970ರ ಸೆಪ್ಟೆಂಬರ್ 15ರಂದು ಹೇಳಿದ್ದನ್ನು ಗುರುತು ಮಾಡಿಕೊಂಡಿದ್ದ ಸಿಐಎ ಮುಖ್ಯಸ್ಥ ರಿಚರ್ಡ್ ಹೆಲ್ಮ್ಸ್, ಚಿಲಿಯ ವಿಷಯದಲ್ಲಿ ಸೆನೆಟ್ಟಿನ ದಾರಿತಪ್ಪಿಸಿದ್ದಕ್ಕೆ 1977ರಲ್ಲಿ ತೆತ್ತದ್ದು 2,000 ಡಾಲರ್ ದಂಡ. ಜೈಲುಶಿಕ್ಷೆ ಅಮಾನತಿನಲ್ಲಿ ಉಳಿಯಿತು. ಸಿಐಎಯ ಗುಪ್ತ ಸೆರೆಮನೆಗಳ ಕಥೆಯೂ ಹೀಗೆಯೇ. ಆರ್ಕೈವ್ ದಾವೆ ಹೂಡಿ 2018ರಲ್ಲಿ ಪಡೆದ, ಥಾಯ್ಲೆಂಡಿನ ಗುಪ್ತ ಕೇಂದ್ರದಿಂದ 2002ರ ಕೊನೆಯಲ್ಲಿ ಹೊರಟ ಸಂದೇಶಗಳಲ್ಲಿ, ಅಬ್ದ್ ಅಲ್-ರಹೀಮ್ ಅಲ್-ನಶಿರಿ ಎಂಬ ಬಂದಿಗೆ ಕೊಟ್ಟ ಹಿಂಸೆಯ ವಿವರಗಳಿವೆ. ವಿಚಾರಣೆಯ ವಿಡಿಯೊ ಟೇಪುಗಳನ್ನು ಸಿಐಎ 2005ರಲ್ಲಿ ನಾಶಪಡಿಸಿತು, ಅದಕ್ಕಾಗಿ ಯಾರ ಮೇಲೂ ಮೊಕದ್ದಮೆ ನಡೆಯಲಿಲ್ಲ. ಅಲ್-ನಶಿರಿಯ ಮೇಲಿರುವುದು 2000ನೇ ಇಸವಿಯಲ್ಲಿ ಯೆಮನ್‌ನಲ್ಲಿ ಯುಎಸ್‌ಎಸ್ ಕೋಲ್ ನೌಕೆಯ ಮೇಲೆ ದಾಳಿ ನಡೆಸಿ 17 ನಾವಿಕರನ್ನು ಕೊಂದ ಆರೋಪ. ಮುಂದೆ ಆತ ಅಮೆರಿಕದ ಗ್ವಾಂಟನಾಮೊ ಸೆರೆಶಿಬಿರದಲ್ಲಿ ಕೊಟ್ಟ ತಪ್ಪೊಪ್ಪಿಗೆಯನ್ನು, ಹಿಂದಿನ ಚಿತ್ರಹಿಂಸೆಯಿಂದ ಕಲುಷಿತವಾಗಿದೆಯೆಂದು ಮಿಲಿಟರಿ ನ್ಯಾಯಾಧೀಶರು 2023ರಲ್ಲಿ ತಳ್ಳಿಹಾಕಿದರು. ಹಿಂಸೆಯು ಬಂದಿಗೆ ಮಾತ್ರವಲ್ಲ, ಆ 17 ಕುಟುಂಬಗಳಿಗೆ ಸಲ್ಲಬೇಕಿದ್ದ ನ್ಯಾಯಕ್ಕೂ ಧಕ್ಕೆ ತಂದಿತು ಎಂಬುದು ಆ ಸಂದೇಶಗಳನ್ನೂ ಆ ತೀರ್ಪನ್ನೂ ಒಟ್ಟಿಗೆ ಇಟ್ಟು ಓದಿದಾಗ ಮನದಟ್ಟಾಗುತ್ತದೆ.

ಕೊರತೆಗಳನ್ನೂ ಹೇಳಬೇಕು. ಜಾಲತಾಣದಲ್ಲಿ ಉಚಿತವಾಗಿ ಸಿಗುವುದು ಸಂಪಾದಕರು ಆಯ್ದ ಭಾಗ ಮಾತ್ರ. ವಿಸ್ತಾರವಾದ ವಿಷಯವಾರು ಸಂಗ್ರಹಗಳು ಪ್ರೊಕ್ವೆಸ್ಟ್ ಎಂಬ ದತ್ತಸಂಚಯ ಕಂಪನಿಯ ಮೂಲಕ ಚಂದಾ ಕಟ್ಟುವ ಗ್ರಂಥಾಲಯಗಳ ಓದುಗರಿಗಷ್ಟೇ ತೆರೆದಿರುತ್ತವೆ. ಸಂಸ್ಥೆ ನಡೆಯಲು ಹಣ ಬೇಕೆಂಬುದನ್ನು ಒಪ್ಪುತ್ತೇನೆ, ಆದರೂ ಸಾರ್ವಜನಿಕ ದಾಖಲೆಗಳು ಮತ್ತೊಂದು ಬಾಗಿಲಿನ ಹಿಂದೆ ಸೇರುವುದು ನನಗೆ ಸರಿಕಾಣುವುದಿಲ್ಲ. ಹಳೆಯ ಟೈಪ್ ಪ್ರತಿಗಳು ಎಷ್ಟೋ ಕಡೆ ಮಸುಕಾಗಿದ್ದು, ಹುಡುಕಾಟದಲ್ಲಿ ಪದಗಳು ತಪ್ಪಿಹೋಗುತ್ತವೆ. ಪೀಠಿಕೆಗಳು ಸಮರ್ಥವಾಗಿವೆ, ಆದರೆ ಅವುಗಳಿಗೆ ಸ್ಪಷ್ಟವಾದ ನಿಲುವಿದೆ. ಮೊದಲು ದಾಖಲೆ, ಆಮೇಲೆ ಪೀಠಿಕೆ ಎಂಬ ಕ್ರಮದಲ್ಲಿ ಓದುವುದು ಒಳ್ಳೆಯದು.

ಪರ್ಯಾಯಗಳ ಪೈಕಿ ಸಿಐಎಯದೇ ಆದ ಆನ್‌ಲೈನ್ ಓದುವ ಕೋಣೆಯಿದೆ. ಹಿಂದೆ ಮೇರಿಲ್ಯಾಂಡಿನ ರಾಷ್ಟ್ರೀಯ ಪತ್ರಾಗಾರದ ನಾಲ್ಕು ಕಂಪ್ಯೂಟರುಗಳಲ್ಲಿ ಮಾತ್ರ ನೋಡಬಹುದಾಗಿದ್ದ ಸುಮಾರು 1.2 ಕೋಟಿ ಪುಟಗಳು 2017ರ ಜನವರಿಯಿಂದ ಅಲ್ಲಿ ತೆರೆದಿವೆ. ಪ್ರಮಾಣ ಬೆರಗು ಹುಟ್ಟಿಸಿದರೂ ದಾರಿ ತೋರುವವರಿಲ್ಲದೆ ಹೊಸಬರಿಗೆ ಅದು ದಕ್ಕುವುದು ಕಷ್ಟ. ವಿದೇಶಾಂಗ ಇಲಾಖೆ 1861ರಿಂದ ಹೊರತರುತ್ತಿರುವ ಅಧಿಕೃತ ದಾಖಲೆ ಸಂಪುಟಗಳು ಹೆಚ್ಚು ಕ್ರಮಬದ್ಧವಾಗಿವೆ, ಪೂರ್ತಿ ಉಚಿತವೂ ಹೌದು. ಆದರೆ 1989ರಲ್ಲಿ ಬಂದ ಇರಾನ್ ಸಂಪುಟದಲ್ಲಿ ಸಿಐಎಯ ಪಾತ್ರವೇ ಇರಲಿಲ್ಲ. ವಿದ್ವಾಂಸರ ಪ್ರತಿಭಟನೆಯ ನಂತರ 1991ರಲ್ಲಿ ಸಂಪುಟಗಳು ಸಮಗ್ರವೂ ನಿಖರವೂ ಆಗಿರಬೇಕೆಂಬ ಕಾನೂನು ಬಂತು. ಸರಿಪಡಿಸಿದ ಇರಾನ್ ಸಂಪುಟ ಕೊನೆಗೂ ಪ್ರಕಟವಾದದ್ದು 2017ರಲ್ಲಿ. ಆದ್ದರಿಂದ ವಿಷಯದ ಪರಿಚಯಕ್ಕೆ ಆರ್ಕೈವ್‌ನ ಉಚಿತ ಪ್ರಕಟಣೆಗಳನ್ನೂ, ಅವು ಏನನ್ನು ಬಿಟ್ಟಿವೆಯೆಂದು ಪರಿಶೀಲಿಸಲು ಇಲಾಖೆಯ ಸಂಪುಟಗಳನ್ನೂ ಬಳಸುವಂತೆ ನಾನು ಶಿಫಾರಸು ಮಾಡುತ್ತೇನೆ. ಇಂಗ್ಲಿಷ್ ಸರಾಗವಾಗಿ ಓದಬಲ್ಲವರಿಗೆ ಎರಡೂ ಒದಗುತ್ತವೆ. ಲ್ಯಾಟಿನ್ ಅಮೆರಿಕದ ಕೆಲವು ಕಡತಗಳಿಗೆ ಸ್ಪ್ಯಾನಿಷ್ ಕೂಡ ಬೇಕಾಗುತ್ತದೆ.