ಹಳೇ ಸಿಡಿ ಡ್ರೈವ್, ಲಿನಕ್ಸ್ ಮಿಂಟ್, ಮತ್ತು ಒಂದು ಪುಟ್ಟ ಜಂಪರ್

ಹಳೇ ಸಿಡಿ ಓದಿಸಲು ಹೊಸ ಯುಎಸ್‌ಬಿ ಸ್ಲಿಮ್ ಡ್ರೈವ್ ಕೊಳ್ಳಬೇಕಾ, ಇಲ್ಲಾ ಹಳೇ ಡ್ರೈವಿಗೇ ಅಡಾಪ್ಟರ್ ಹಾಕಬೇಕಾ? ನನ್ನ ಓಟು ಐಡಿಇ–ಯುಎಸ್‌ಬಿ ಅಡಾಪ್ಟರಿಗೆ, ಅಂದರೆ ಹಳೇ ಡೆಸ್ಕ್‌ಟಾಪಿನ ಐಡಿಇ ಕೇಬಲ್ಲಿನ ಡ್ರೈವನ್ನು ಯುಎಸ್‌ಬಿಗೆ ಜೋಡಿಸುವ ಸಾಧನಕ್ಕೆ. 650 ರೂಪಾಯಿಯ ಈ ಸಾಮಾನು ಮೂರು ದಿನ ನನ್ನ ತಲೆ ತಿಂದಿದೆ. ಆದರೂ ಅದಕ್ಕೇ.

ಅಕ್ಕನ ಮದುವೆ ಫೋಟೋಗಳ ನಾಲ್ಕು ಸಿಡಿ ಇದ್ದವು. ಕವರ್ ಮೇಲೆ ಮಾರ್ಕರಿನಲ್ಲಿ 'ಗುಲ್ಬರ್ಗಾ, 2005' ಎಂದಿದೆ. ದಾಖಲೆಯಲ್ಲಿ ಊರು ಕಲಬುರಗಿ ಆಗಿದ್ದು 2014ರಲ್ಲಿ ಅಲ್ವಾ. ನನ್ನ ಲ್ಯಾಪ್‌ಟಾಪಿನಲ್ಲಿ ಸಿಡಿ ಹಾಕುವ ಜಾಗವೇ ಇಲ್ಲ.

ಮೊದಲು 1,400 ಕೊಟ್ಟು ಹೊಸ ಸ್ಲಿಮ್ ಡ್ರೈವ್ ತಂದೆ. ಡ್ರೈವರ್ ಏನೂ ಬೇಕಾಗಲಿಲ್ಲ, ಚುಚ್ಚಿದ ಕೂಡಲೇ ಲ್ಯಾಪ್‌ಟಾಪಿನ ಆಪರೇಟಿಂಗ್ ಸಿಸ್ಟಂ ಲಿನಕ್ಸ್ ಮಿಂಟ್ ಗುರುತಿಸಿತು. ಯುಎಸ್‌ಬಿ ಹಬ್ ಮೂಲಕ ಕೊಟ್ಟಾಗ ಮಾತ್ರ ಟಿಕ್ ಟಿಕ್ ಅಂದು ಕಳಚಿಕೊಳ್ಳುತ್ತಿತ್ತು. ಯುಎಸ್‌ಬಿ 2 ಪೋರ್ಟ್ ಕೊಡುವುದು 500 ಮಿಲಿಆಂಪ್, ಹಬ್‌ನಲ್ಲಿ ಅದೂ ಹಂಚಿಹೋದರೆ ತಟ್ಟೆ ತಿರುಗಲು ಶುರುವಾಗುವಾಗ ಸಾಲುವುದಿಲ್ಲ. ನೇರ ಲ್ಯಾಪ್‌ಟಾಪಿಗೆ ಕೊಟ್ಟೆ, ಸರಿಯಾಯಿತು. ಮೂರು ಸಿಡಿ ಸಲೀಸಾಗಿ ಬಂದವು. ಗೀಚಿಹೋದ ನಾಲ್ಕನೆಯದು ಅರ್ಧಕ್ಕೇ ನಿಂತಿತು.

ಅಟ್ಟದ ಮೇಲಿನ ಪೆಂಟಿಯಂ 4 ಡೆಸ್ಕ್‌ಟಾಪನ್ನೇ ಎಬ್ಬಿಸಬಹುದಿತ್ತು. ಮಿಂಟ್ 20ರಿಂದ ಅಂಥ ಹಳೇ 32 ಬಿಟ್ ಯಂತ್ರಗಳಿಗೆ ಆವೃತ್ತಿ ಇಲ್ಲ, ಡೆಬಿಯನ್ 12 ಎಂಬ ಇನ್ನೊಂದು ಲಿನಕ್ಸ್ ಹಾಕಬೇಕು. ಒಂದು ಸಿಡಿಗಾಗಿ ಅಷ್ಟು ಯಾರಿಗೆ ಬೇಕು? ಅದರ ಡ್ರೈವ್ ಮಾತ್ರ ಬಿಚ್ಚಿಕೊಂಡೆ.

ಅಡಾಪ್ಟರ್ ಚುಚ್ಚಿದೆ. ನೀಲಿ ದೀಪ ಹತ್ತಿತು, ಟ್ರೇ ಹೊರಗೆ ಬಂತು. ಆದರೆ ಎಸ್‌ಆರ್0 (ಸಿಡಿ ಡ್ರೈವಿಗೆ ಲಿನಕ್ಸ್ ಇಡುವ ಹೆಸರು) ಎಲ್ಲೂ ಇಲ್ಲ. ಯುಎಸ್‌ಬಿ ಪಟ್ಟಿಯಲ್ಲಿ ಅಡಾಪ್ಟರ್ ಕಾಣುತ್ತದೆ, ಅದಕ್ಕೆ ಜೋಡಿಸಿದ ಡ್ರೈವ್ ಕಾಣುವುದಿಲ್ಲ. ಕೇಬಲ್ ಬದಲಿಸಿದೆ, ಪೋರ್ಟ್ ಬದಲಿಸಿದೆ. 2021ರ 5.14 ಕರ್ನಲ್‌ನಲ್ಲಿ (ಕರ್ನಲ್ ಅಂದರೆ ಲಿನಕ್ಸಿನ ತಿರುಳು) ಹಳೇ ಐಡಿಇ ಡ್ರೈವರ್ ತೆಗೆದುಹಾಕಿದ್ದು ಗೊತ್ತಿತ್ತು. ಕಳ್ಳ ಸಿಕ್ಕ ಅಂತ ಹಳೇ ಕರ್ನಲ್‌ಗೆ ಬೂಟ್ ಮಾಡಿ ಒಂದು ರಾತ್ರಿ ಸುಮ್ನೆ ಹಾಳು ಮಾಡಿಕೊಂಡೆ. ಅಡಾಪ್ಟರ್ ಇದ್ದಾಗ ಲಿನಕ್ಸ್ ಮಾತಾಡುವುದು ಯುಎಸ್‌ಬಿ ಜೊತೆ, ಆ ಐಡಿಇ ಡ್ರೈವರಿಗೆ ಇಲ್ಲಿ ಕೆಲಸವೇ ಇಲ್ಲ.

ಸೂಪರ್ ಮಾರ್ಕೆಟ್ ಹತ್ತಿರದ ರಿಪೇರಿ ಹುಡುಗನಿಗೆ ತೋರಿಸಿದೆ. ಡ್ರೈವ್ ತಿರುಗಿಸಿ, "ಅಣ್ಣಾ, ಹಿಂದ ಜಂಪರ್ ಎಲ್ಲಿ ಅದ ನೋಡ್ರಿ ಮೊದಲ" ಅಂದ. ಒಂದೇ ಕೇಬಲ್ಲಿನ ಎರಡು ಡ್ರೈವುಗಳಲ್ಲಿ ಯಾವುದು ಮೊದಲನೆಯದು (ಮಾಸ್ಟರ್), ಯಾವುದು ಎರಡನೆಯದು (ಸ್ಲೇವ್) ಅಂತ ಹೇಳುವ ಪಿನ್ನುಗಳ ಟೋಪಿಯೇ ಜಂಪರ್. ಅದು ಸ್ಲೇವ್ ಮೇಲೆ ಕೂತಿತ್ತು! ಡೆಸ್ಕ್‌ಟಾಪಿನಲ್ಲಿ ಅದೇ ಕೇಬಲ್ಲಿನ ಹಾರ್ಡ್ ಡಿಸ್ಕ್ ಮಾಸ್ಟರ್ ಆಗಿತ್ತು, ಹಾಗಾಗಿ ಸಿಡಿ ಡ್ರೈವ್ ಸ್ಲೇವ್. ಇಂಥ ಅಡಾಪ್ಟರುಗಳಲ್ಲಿ ಬಹಳಷ್ಟು ಮಾಸ್ಟರನ್ನು ಮಾತ್ರ ಹುಡುಕುತ್ತವೆ. ಅಕ್ಕಿಕಾಳಿನಷ್ಟು ಪ್ಲಾಸ್ಟಿಕ್ಕನ್ನು ಚಿಮಟದಲ್ಲಿ ಕಿತ್ತು 'ಎಂಎ' ಎಂದಿರುವ ಪಿನ್ನುಗಳಿಗೆ ಹಾಕಿದ. ಮನೆಗೆ ಬಂದು ಚುಚ್ಚಿದರೆ ಎಸ್‌ಆರ್0 ಹಾಜರ್. ಅವನು ದುಡ್ಡೂ ತಗೊಳ್ಳಲಿಲ್ಲ.

ಆ ನಾಲ್ಕನೇ ಸಿಡಿ ಓದಿಸಿದ್ದು ಹಾಳಾದ ಡಿಸ್ಕಿನಿಂದ ಸಿಕ್ಕಷ್ಟನ್ನು ಎತ್ತುವ ಡಿಡಿರೆಸ್ಕ್ಯೂ ತಂತ್ರಾಂಶದಲ್ಲಿ, ಸೆಕ್ಟರ್ (ಒಮ್ಮೆಗೆ ಓದುವ ತುಣುಕು) ಗಾತ್ರ 2048 ಬೈಟ್ ಅಂತ ಕೊಟ್ಟು. ಎಲ್ಲಿವರೆಗೆ ಓದಿದೆ, ಎಲ್ಲಿ ಬಿಟ್ಟಿದೆ ಅಂತ ಅದು ಒಂದು ಮ್ಯಾಪ್ ಫೈಲಿನಲ್ಲಿ ಬರೆದಿಡುತ್ತದೆ. ಸ್ಲಿಮ್ ಡ್ರೈವ್ ಬಿಟ್ಟ ತುಣುಕುಗಳನ್ನು ಅದೇ ಮ್ಯಾಪ್ ಹಿಡಿದು ಹಳೇ ಡ್ರೈವ್ ತುಂಬಿಸಿತು. ನಡುವೆ ಕರೆಂಟ್ ಹೋಯಿತು. ಲ್ಯಾಪ್‌ಟಾಪ್ ಬ್ಯಾಟರಿ ಮೇಲೆ ಓಡುತ್ತಿತ್ತು, ಅಡಾಪ್ಟರಿನ 12 ವೋಲ್ಟ್ ಡಬ್ಬಿ ಸತ್ತಿತು. ಕರೆಂಟ್ ಬಂದ ಮೇಲೆ ಬಿಟ್ಟಲ್ಲಿಂದಲೇ ಶುರು.

ಹಳೇ ಡ್ರೈವಿನ ಸದ್ದು ಮಾತ್ರ ಹಿಟ್ಟಿನ ಗಿರಣಿಯದೇ.

ಸಿಡಿಗಳು ಚೆನ್ನಾಗಿದ್ದು ಮನೆಯಲ್ಲಿ ಹಳೇ ಡ್ರೈವ್ ಇಲ್ಲದಿದ್ದರೆ ಸ್ಲಿಮ್ ಸಾಕು. ನಾನು ಯಾವುದನ್ನೂ ಗುಜರಿಗೆ ಹಾಕದ ಮನುಷ್ಯ, ನನಗೆ 650ರಲ್ಲೇ ಕೆಲಸ ಮುಗಿಯುತ್ತಿತ್ತು. ಸ್ಲಿಮ್ ಡ್ರೈವ್ ಈಗ ಅಕ್ಕನ ಮನೆಯಲ್ಲಿದೆ.