ದಪ್ಪ ಹೊಟ್ಟಿಯವ್ರ ಕರುಳಿನ ಲ್ಯಾಪ್ರೋಸ್ಕೋಪಿ: ಹೊಕ್ಕಳ ಹತ್ರ ಕೊಯ್ಯೋದಾ, ಕೆಳಗ ಕೊಯ್ಯೋದಾ?

ಕ್ಯಾಮೆರಾ ಆಪರೇಷನ್ ಅಂದ್ರ ಬರೇ ತೂತು, ಹರ್ನಿಯಾ (ಕೊಯ್ದ ಜಾಗ ಸಡಿಲಾಗಿ ಒಳಗಿಂದು ಉಬ್ಬಿ ಬರೋದು) ಎಲ್ಲಿಂದ ಬರ್ತದ್ರಿ ಡಾಕ್ಟ್ರೇ ಅಂತ ನಮ್ಮ ಕಲಬುರಗಿ ಕಡೆ ಭಾಳ ಮಂದಿ ಕೇಳ್ತಾರ. ಬರ್ತದ್ರಿ. ಕತ್ತರಿಸಿದ ಕರುಳು ಆ ತೂತಿನಾಗ ಹೊರಗ ಬರಲ್ಲ, ತಗಿಲಾಕ ಒಂದು ಕಡೆ ನಾಕೈದು ಸೆಂಟಿಮೀಟರರ ಕೊಯ್ಲೇಬೇಕು, ಆಮ್ಯಾಲ ಉಬ್ಬೋದು ಹೆಚ್ಚಾಗಿ ಅಲ್ಲೇ. ಎರಡೂ ಜಾಗದಾಗ ಕೊಯ್ದು ನೋಡೀನಿ, ಅದಕ್ಕ ಬರೀಲಾಕತ್ತೀನಿ.

ಹೊಕ್ಕಳ ಹತ್ರ ನಟ್ಟನಡುವ ಕೊಯ್ಯೋದು ಸರ್ಜನ್‌ಗೆ ಆರಾಮ. ಪೋರ್ಟ್ (ಕ್ಯಾಮೆರಾ ಒಳಗ ಬಿಡೋ ಕೊಳವಿ) ಹಾಕಿದ ತೂತೇ ದೊಡ್ಡದು ಮಾಡಿದ್ರ ಮುಗೀತು, ಬಲಗಡೆ ಕೊಲನ್ (ದೊಡ್ಡ ಕರುಳು) ಇದ್ರ ಹೊರಗ ಎಳಕೊಂಡು ಅಲ್ಲೇ ಜೋಡಿಸಿ ಒಳಗ ಬಿಡಬಹುದು. ಆದ್ರ ದಪ್ಪ ಇದ್ದವ್ರಿಗೆ ಕರುಳಿನ ಪೊರಿ ತುಂಬ ಕೊಬ್ಬು, ಎಳದ್ರ ಬರಂಗಿಲ್ಲ, ಇನ್ನೊಂಚೂರು ಇನ್ನೊಂಚೂರು ಅನ್ಕೋತ ಗಾಯ ಉದ್ದ ಆಗ್ತಾ ಹೋಗ್ತದ, ಅದೂ ಸ್ನಾಯುದ ಆಸರಾ ಇಲ್ಲದ ಜಾಗದಾಗ, ಕೆಮ್ಮಿದಾಗೊಮ್ಮೆ ಎರಡೂ ಕಡೆ ಜಗ್ತದ.

ಕೆಳಗ, ಸಿಸೇರಿಯನ್‌ಗೆ ಅಡ್ಡ ಕೊಯ್ತಾರಲ್ಲ ಆ ಜಾಗ, ಅಲ್ಲಿ ಸ್ನಾಯು ಕತ್ತರಿಸಲ್ಲ, ಬರೇ ಮಗ್ಗಲಕ್ಕ ಸರಿಸ್ತೀವಿ, ಕೆಲಸ ಮುಗಿದ ಮ್ಯಾಲ ಅದೇ ಬಂದು ಮುಚ್ಕೋತದ. ಹರ್ನಿಯಾ ಲೆಕ್ಕದಾಗ ಇದೇ ಮುಂದ, ಇಲ್ಲಿ ತನಕ ಬಂದ ಹೋಲಿಕೆಗಳೂ ಅದನ್ನೇ ಹೇಳ್ತಾವ. ತ್ರಾಸು ಬ್ಯಾರೆ ಅದಾವ. ಬಲಗಡೆ ಕೊಲನ್ ಆದ್ರ ಜೋಡಣಿ ಹೊಟ್ಟಿ ಒಳಗೇ ಮಾಡಬೇಕು, ಕರುಳು ಜೋಡಿಸೋ ಸ್ಟೇಪ್ಲರ್ ಬಿಲ್ಲು, ಮ್ಯಾಲ ಕರುಳಿನಾಗ ಸ್ಟೇಪ್ಲರ್ ಹಾಕಿದ ತೂತಿಗೆ ಕ್ಯಾಮೆರಾ ನೋಡ್ಕೋತ ಹೊಲಿಗಿ, ಟೈಮು ಹಿಡೀತದ. ಇನ್ನ ಜೋತು ಬಿದ್ದ ಹೊಟ್ಟಿ ಮಡಿಕಿ. ಮೇ ತಿಂಗಳ ನಮ್ಮೂರ ಬಿಸಲಾಗ ಅಲ್ಲಿ ಬೆವರು ಆರೋದೇ ಇಲ್ಲ, ಚರ್ಮ ಕೆಂಪಗ ಹುಣ್ಣಾಗಿರ್ತದ. ಅದಕ್ಕ ಹಿಂದಿನ ದಿನಾನೇ ಹೊಟ್ಟಿ ಎತ್ತಿ ನೋಡ್ತೀನಿ, ಮಡಿಕಿ ಒಳಗ ಕೊಯ್ಯಂಗಿಲ್ಲ, ಸ್ವಲ್ಪ ಮ್ಯಾಲ ಒಣಾ ಚರ್ಮದಾಗ. ಇಷ್ಟೆಲ್ಲಾ ಇದ್ರೂ ನನ್ನ ಓಟು ಕೆಳಗಿನದಕ್ಕೇ.

ನಡುವ ಕೊಯ್ಲೇಬೇಕಾಯ್ತು ಅಂದ್ರ ಹೊಲಿಗಿ ಮ್ಯಾಲ ಲಕ್ಷ ಇರ್ಬೇಕು. ಮೊದ್ಲು ಒಂದ್ ನಂಬರ್ ಲೂಪ್ ಪಿಡಿಎಸ್‌ಲೇ (ನಿಧಾನ ಕರಗೋ ದಪ್ಪ ದಾರ) ಸೆಂಟಿಮೀಟರಿಗೊಂದು ದೊಡ್ಡ ಬೈಟ್ (ಸೂಜಿ ಒಮ್ಮೆ ಹಿಡಿಯೋ ಹೊಲಿಗಿ) ಹಾಕ್ತಿದ್ವಿ, ಜಲ್ದಿ ಆಗ್ತಿತ್ತು. ಈಗ ತೆಳು 2-0 ದಾರ, ಅಂಚಿನಿಂದ 5 ಮಿಲಿಮೀಟರ್, 5 ಮಿಲಿಮೀಟರಿಗೊಂದು, ಕೊಬ್ಬು ಸಿಗದಂಗ ಬರೇ ಹೊಟ್ಟಿ ಗೋಡಿಯ ಗಟ್ಟಿ ಬಿಳೀ ಪೊರಿ. ಉಳಿದ ದಾರ ಸಿಸ್ಟರ್ ಸ್ಕೇಲಿಗೆ ಹಿಡಿದು ಹೇಳ್ತಾರ: 10 ಸೆಂಟಿಮೀಟರ್ ಗಾಯಕ್ಕ ಕಮ್ಮಿ ಅಂದ್ರ 40 ಹೋಗಿರ್ಬೇಕು, ಇಲ್ಲಾಂದ್ರ ಬೈಟ್ ದೂರ ದೂರ ಬಿದ್ದಾವ ಅಂತ ಅರ್ಥ. ನೆದರ್‌ಲ್ಯಾಂಡ್ಸಿನ ಸ್ಟಿಚ್ ಟ್ರಯಲ್ನಾಗ (2015) ಒಂದು ವರ್ಷಕ್ಕ ದೊಡ್ಡ ಬೈಟ್‌ಗೆ 21 ಪರ್ಸೆಂಟ್ ಹರ್ನಿಯಾ, ಸಣ್ಣದಕ್ಕ 13. ಅದು ಓಪನ್ ಆಪರೇಷನ್ ಮಾಡಿದವ್ರ ಲೆಕ್ಕ, ಭಾಳ ದಪ್ಪ ಇದ್ದವ್ರು ಅದ್ರಾಗ ಕಮ್ಮಿ, ಆದ್ರೂ ನಾಕು ನಿಮಿಷ ಹೆಚ್ಚಿಗಿ ಹೋದ್ರ ಹೋಗಲಿ.

ಮೆಶ್ (ಗಾಯಕ್ಕ ಆಸರಾ ಕೊಡೋ ಜಾಳಿಗಿ)? 2017ರ ಪ್ರೈಮಾ ಟ್ರಯಲ್ನಾಗ ಬಿಎಂಐ (ಎತ್ತರಕ್ಕ ತಕ್ಕ ತೂಕದ ಲೆಕ್ಕ) 27 ಇಲ್ಲಾ ಅದಕ್ಕಿಂತ ಹೆಚ್ಚಿದ್ದವ್ರಿಗೆ ಹರ್ನಿಯಾ ಬರೋಕಿಂತ ಮುಂಚೇನೇ, ಗಾಯ ಮುಚ್ಚುವಾಗ ಹಾಕಿದ್ರ ಹರ್ನಿಯಾ ಖರೇನೇ ಕಮ್ಮಿ ಆಗ್ಯಾದ, ಆದ್ರ ಪೊರಿ ಮ್ಯಾಲ ಹಾಕಿದವ್ರಿಗೆ ನೀರು ಜಾಸ್ತಿ ತುಂಬ್ಯಾದ. ಕರುಳು ತೆಗೆದ ಹೊಟ್ಟಿ, ಇಷ್ಟು ಸಣ್ಣ ಗಾಯ, ನಾ ಹಾಕಲ್ಲ. 10 ಮಿಲಿಮೀಟರಿನ ಪೋರ್ಟ್ ತೂತು ಮಾತ್ರ ಪೊರಿ ಸಮೇತ ಮುಚ್ಚೇ ಬಿಡ್ರಿ.

ಬೆಲ್ಟ್ ಕಟ್ಕೊಂಡು ತೊಗರಿ ಚೀಲ ಎತ್ತಬಹುದಾ ಅಂತ ಕಾಕಾಗೋಳು ಕೇಳ್ತಾರ. ಬೆಲ್ಟ್ ಕೆಮ್ಮಾಗ, ಏಳಾಗ ನೋವಿಗೆ ಛಲೋ, ಹರ್ನಿಯಾ ತಡೀತದಂತ ನಾ ಚೀಟಿ ಮ್ಯಾಲ ಬರಕೊಡಲ್ಲ. ಚೀಲ ಈ ಸಲ ಮಗ ಎತ್ತಲಿ.